ತುಲಾ ಮಳೆಯ ಒಂದು ವಾರ: ಬಿಡುವನ್ನು ನಂಬಿ ಕೂರಬೇಡಿ



ಆಟಿ ತಿಂಗಳ ಮಳೆಗೆ ನಾವೆಲ್ಲರೂ ಸಿದ್ಧರಾಗಿರುತ್ತೇವೆ. ಕಟ್ಟಿಗೆ ಒಳಗೆ ಸೇರಿರುತ್ತದೆ, ಅಂಗಳ ಖಾಲಿ ಇರುತ್ತದೆ. ಆದರೆ ಸಕಲ ಮೃತರ ದಿನ ಕಳೆದು ಕ್ರಿಸ್ತರಾಜರ ಹಬ್ಬ ಬರುವುದರೊಳಗೆ ಸುರಿಯುವ ಸ್ವಾತಿ, ವಿಶಾಖ ಮಳೆ ಹಾಗಲ್ಲ. ಆಗ ಅಂಗಳದಲ್ಲಿ ಮೊದಲ ಕೊಯ್ಲಿನ ಅಡಿಕೆ, ಗದ್ದೆಯ ಬದಿಯಲ್ಲಿ ಏಣೆಲು ಬೆಳೆಯ ಬೈಹುಲ್ಲು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಸಾಮಾನ್ಯವಾಗಿ 3,000 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಅದರ ಮುಂದೆ ತುಲಾ ಮಳೆಯ ಪಾಲು ಸಣ್ಣದು. ನಷ್ಟದ ಲೆಕ್ಕದಲ್ಲಿ ಮಾತ್ರ ಅದು ಸಣ್ಣದಲ್ಲ.

ಬಂದರು ಪೇಟೆಯಲ್ಲಿ ಏಳು ದಿನ

ಕೆಲವು ವರ್ಷಗಳ ಹಿಂದೆ, ನವೆಂಬರ್ ತಿಂಗಳಲ್ಲಿ, ನಾವು ಮಂಗಳೂರಿನಲ್ಲಿ ಒಂದು ವಾರ ಉಳಿಯಬೇಕಾಯಿತು. ನಮ್ಮ ಧರ್ಮಕೇಂದ್ರದ ಒಬ್ಬ ಯುವಕ ಅಲ್ಲಿ ಕಟ್ಟಡ ಕೆಲಸದಲ್ಲಿದ್ದ. ಅವನಿಗೆ ಡೆಂಗೆ ಜ್ವರ ಬಂದು ಆಸ್ಪತ್ರೆ ಸೇರಿದ್ದ. ಏಳು ದಿನವೂ ಆಕಾಶದ ಕ್ರಮ ಒಂದೇ ಆಗಿತ್ತು. ಬೆಳಗ್ಗೆ ತೊಳೆದಿಟ್ಟಂಥ ಬಿಸಿಲು. ಮಧ್ಯಾಹ್ನ ಬೆವರಿಳಿಸುವ ಸೆಕೆ. ಮೂರು ಗಂಟೆಯಾಗುತ್ತಲೇ ಮೂಡು ದಿಕ್ಕಿನಲ್ಲಿ ಕರಿಮೋಡ, ಗುಡುಗು. ಸಂಜೆ ಎರಡು ಗಂಟೆ ಹೊತ್ತು ಧಾರಾಕಾರ ಮಳೆ.

ಹಳೆ ಬಂದರಿನ ಕಡೆ ಒಂದು ಬೆಳಗ್ಗೆ ಹೋಗಿದ್ದೆವು. ದಕ್ಕೆಯಲ್ಲಿ ದೋಣಿಗಳು ಸಾಲಾಗಿ ನಿಂತಿದ್ದವು. ಪಕ್ಕದ ಬೀದಿಯ ಅಡಿಕೆ ಅಂಗಡಿಯಲ್ಲಿ ವ್ಯಾಪಾರಿಯೊಬ್ಬರು ಗೋಣಿಯೊಳಗೆ ಮೊಣಕೈವರೆಗೆ ಕೈ ಹಾಕಿ, ತಳದ ಅಡಿಕೆಯೊಂದನ್ನು ತೆಗೆದು, ಕತ್ತರಿಸಿ ಮೂಸಿ ನೋಡಿದರು. “ಮೇಲೆ ಒಣಗಿದೆ ಫಾದರ್, ಒಳಗೆ ನೀರು ಉಂಟು” ಎಂದರು. ಆ ಗೋಣಿಯ ಬೆಲೆ ಅಲ್ಲೇ ಇಳಿಯಿತು.

ಅದೇ ಸಂಜೆ ಆಸ್ಪತ್ರೆಯಲ್ಲಿ ಯುವಕನ ತಂದೆ ನಮ್ಮ ಬಳಿ ಬಂದರು. “ಫಾದರ್, ಇವತ್ತು ಐದನೇ ದಿನ, ಜ್ವರ ಬಿಟ್ಟಿದೆ. ನಾಳೆ ಮನೆಗೆ ಕರೆದುಕೊಂಡು ಹೋಗುತ್ತೇವೆ. ಅಂಗಳದಲ್ಲಿ ಅಡಿಕೆ ಉಂಟು, ಮಳೆ ಬರ್ತಾ ಉಂಟು” ಎಂದರು. ಅವರ ಕಷ್ಟ ನಮಗೆ ಅರ್ಥವಾಗುತ್ತಿತ್ತು. ಆದರೆ ವೈದ್ಯರು ಬಿಡಲಿಲ್ಲ. ಮರುದಿನ ಹುಡುಗನಿಗೆ ಹೊಟ್ಟೆನೋವು, ವಾಂತಿ ಶುರುವಾಯಿತು, ಕೈಕಾಲು ತಣ್ಣಗಾದವು. ಆಸ್ಪತ್ರೆಯಲ್ಲೇ ಇದ್ದುದರಿಂದ ಜೀವ ಉಳಿಯಿತು.

ಅಡಿಕೆಯಾಗಲಿ, ಜ್ವರವಾಗಲಿ, ಈ ಕಾಲದಲ್ಲಿ ನಮ್ಮನ್ನು ಮೋಸಗೊಳಿಸುವುದು ನಡುವಿನ ಬಿಡುವು. ಬಿಸಿಲು ಬಂತೆಂದು ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ನಿಜವಾಗಿ ಕೆಲಸ ಆಗಲೇ ಇರುವುದು.

ಮಳೆ ಬರುವ ಬಗೆ

ಬೆಳಗ್ಗಿನ ಬಿಸಿಲಿಗೆ ನೆಲ ಕಾಯುತ್ತದೆ. ಮಧ್ಯಾಹ್ನ ಕಡಲಗಾಳಿ ತೇವವನ್ನು ಒಳನಾಡಿಗೆ ಒಯ್ಯುತ್ತದೆ. ಘಟ್ಟದ ಬದಿಯಲ್ಲಿ ಮೋಡ ಎದ್ದು, ಮೇಲಿನ ಮೂಡಣ ಗಾಳಿ ಅದನ್ನು ಮತ್ತೆ ಕಡಲ ಕಡೆಗೆ ತಳ್ಳುತ್ತದೆ. ಆದುದರಿಂದ ಈ ಮಳೆಗೆ ಬಹುತೇಕ ಹೊತ್ತು ಗೊತ್ತಿದೆ: ಮಧ್ಯಾಹ್ನ ಎರಡರ ಮೇಲೆ, ರಾತ್ರಿ ಹತ್ತರೊಳಗೆ.

ಇದಕ್ಕೆ ಹೊರತಾದದ್ದು ಚಂಡಮಾರುತದ ಮಳೆ. 2024ರ ನವೆಂಬರ್ 30ರಂದು ‘ಫೆಂಗಲ್’ ಚಂಡಮಾರುತ ಪುದುಚೇರಿಯ ಬಳಿ ದಡ ಮುಟ್ಟಿತು. ತಮಿಳುನಾಡಿನ ಊತಂಗರೈಯಲ್ಲಿ ಒಂದೇ ದಿನ ಸುಮಾರು 50 ಸೆಂಟಿಮೀಟರ್ ಮಳೆ ಸುರಿಯಿತು. ಅದರ ಶೇಷ ಒಳನಾಡನ್ನು ದಾಟಿ ಅರಬೀ ಸಮುದ್ರದತ್ತ ಬಂದಾಗ, ಡಿಸೆಂಬರ್ ಮೊದಲ ದಿನಗಳಲ್ಲಿ ಕಾಸರಗೋಡು, ಮಂಗಳೂರುಗಳಲ್ಲೂ ಜೋರು ಮಳೆಯಾಯಿತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತದ ಸುದ್ದಿ ಕೇಳಿದರೆ ‘ಅದು ಮದರಾಸಿಗೆ’ ಎಂದು ಸುಮ್ಮನಿರಬೇಡಿ. ನಮ್ಮ ಅಂಗಳಕ್ಕೂ ಎರಡು ಮೂರು ದಿನ ಮೊದಲೇ ಸಿಕ್ಕಿದ ಎಚ್ಚರಿಕೆ ಅದು.

ಅಂಗಳದ ಅಡಿಕೆ

ಹಣ್ಣಡಿಕೆ ಚಾಲಿಯಾಗಲು ಒಳ್ಳೆಯ ಬಿಸಿಲಿನಲ್ಲಿ 35ರಿಂದ 45 ದಿನ ಬೇಕು. ಸಿಪ್ಪೆ ಬೇಗ ಒಣಗುತ್ತದೆ, ಒಳಗಿನ ತೇವ ನಿಧಾನವಾಗಿ ಹೊರಬರುತ್ತದೆ. ನಡುವೆ ನೆನೆದರೆ, ಅಥವಾ ಪ್ಲಾಸ್ಟಿಕ್ಕಿನಡಿ ಬೆವೆತರೆ ಬೂಸ್ಟು ಹಿಡಿಯುತ್ತದೆ. ಹೊಸ ಚಾಲಿಯಾಗಬೇಕಾದ್ದು ಪಟೋರ, ಕರಿಗೋಟಿನ ಬೆಲೆಗೆ ಹೋಗುತ್ತದೆ. ಆದುದರಿಂದ:

1. ವಾಯುಭಾರ ಕುಸಿತದ ಸೂಚನೆ ಇದ್ದರೆ ಕೊಯ್ಲನ್ನು ನಾಲ್ಕು ದಿನ ಮುಂದೂಡಿ. ಅಡಿಕೆ ಮರದಲ್ಲಿದ್ದು ಆಗುವ ನಷ್ಟಕ್ಕಿಂತ ಒದ್ದೆ ಅಂಗಳದಲ್ಲಿ ರಾಶಿ ಬಿದ್ದು ಆಗುವ ನಷ್ಟ ದೊಡ್ಡದು.

2. ಒಂದೇ ಪದರದಲ್ಲಿ ಹರಡಿ, ಆಗಾಗ ಕೈಯಾಡಿಸಿ. ಮಧ್ಯಾಹ್ನ ಎರಡು ಗಂಟೆಗೇ ರಾಶಿ ಮಾಡಿ ಮುಚ್ಚಿ. ಗುಡುಗು ಕೇಳುವ ತನಕ ಕಾಯಬೇಡಿ.

3. ಟರ್ಪಾಲನ್ನು ಅಡಿಕೆಗೆ ತಾಗಿಸಿ ಹೊದೆಸಬೇಡಿ. ನಡುವೆ ಬಿದಿರು ಕಟ್ಟಿ ಇಳಿಜಾರಾಗಿಸಿ, ಎರಡು ತುದಿ ಗಾಳಿಗೆ ತೆರೆದಿಡಿ. ಬೆಳಗ್ಗೆ ಬಿಸಿಲು ಬಂದ ಕೂಡಲೇ ತೆಗೆಯಿರಿ.

4. ಅನುಕೂಲವಿದ್ದವರು ಪಾರದರ್ಶಕ ಶೀಟಿನ ಸೋಲಾರ್ ಗೂಡು ಕಟ್ಟಿಕೊಳ್ಳಬಹುದು. ಒಬ್ಬರಿಂದ ಆಗದಿದ್ದರೆ ನೆರೆಯ ಎರಡು ಮೂರು ಮನೆಯವರು ಸೇರಿ ಮಾಡಬಹುದು. ತೇವದ ಗಾಳಿ ಹೊರಹೋಗಲು ಮೇಲ್ಗಡೆ ಕಿಂಡಿ ಇರಲೇಬೇಕು.

5. ನೆನೆದ ಅಡಿಕೆಯನ್ನು ಒಣಗಿದ್ದರ ಜತೆ ಬೆರೆಸಬೇಡಿ. ಚೀಲ ತುಂಬುವ ಮೊದಲು ಕುಲುಕಿದರೆ ಒಳಗೆ ಸದ್ದಾಗಬೇಕು. ಹತ್ತಿಪ್ಪತ್ತನ್ನು ಕತ್ತರಿಸಿಯೂ ನೋಡಿ.

ಬೈಹುಲ್ಲಿನ ವಿಷಯವೂ ಹಾಗೆಯೇ. ಬೂಸ್ಟು ಹಿಡಿದ ಹುಲ್ಲು, ಹಿಂಡಿಗಳನ್ನು ದನಗಳಿಗೆ ಹಾಕಬೇಡಿ. ಕೆಲವು ಬೂಸ್ಟುಗಳ ವಿಷ ಹಾಲಿನ ಮೂಲಕ ಮಕ್ಕಳ ಲೋಟಕ್ಕೂ ಬರುತ್ತದೆ. ಮತ್ತೆ ಬಿಸಿಲಿಗೆ ಹಾಕಿದ ಮಾತ್ರಕ್ಕೆ ಆ ವಿಷ ಹೋಗದು.

ಗುಡುಗುವಾಗ ತೋಟದಲ್ಲಿ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆ ಹೊರಬನ್ನಿ. ಅಲ್ಯೂಮಿನಿಯಂ ದೋಟಿಯಲ್ಲಿ ಮಾತ್ರವಲ್ಲ, ಕಾರ್ಬನ್ ಫೈಬರ್ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆ. ತಂತಿಯ ಸಮೀಪ ಅದನ್ನು ಎತ್ತಬೇಡಿ.

ನಿಂತ ನೀರು

ಆಟಿಯ ಜಡಿಮಳೆ ಸೊಳ್ಳೆಯ ಮರಿಗಳನ್ನು ಎಷ್ಟೋ ಬಾರಿ ಕೊಚ್ಚಿಕೊಂಡು ಹೋಗುತ್ತದೆ. ಬಿಸಿಲು–ಮಳೆ ಬೆರೆತ ಈ ದಿನಗಳಲ್ಲಿ ನೀರು ಅಲ್ಲಲ್ಲೇ ನಿಲ್ಲುತ್ತದೆ, ಬೆಚ್ಚಗೂ ಇರುತ್ತದೆ. ಡೆಂಗೆ ಹರಡುವ ಸೊಳ್ಳೆ ಮೊಟ್ಟೆಯಿಂದ ಹಾರುವ ತನಕ ಬೆಳೆಯಲು ಏಳರಿಂದ ಹತ್ತು ದಿನ ಸಾಕು. ಅದು ಕಚ್ಚುವುದು ಹಗಲಿನಲ್ಲಿ.

ತೋಟದಲ್ಲಿ ಬಿದ್ದ ಹಾಳೆ, ತೆಂಗಿನ ಚಿಪ್ಪು, ರಬ್ಬರ್ ಮರದ ಚಿರಟೆ, ಹಟ್ಟಿಯ ಹಳೆ ಟಯರು – ಎಲ್ಲವೂ ಅದರ ತೊಟ್ಟಿಲು. ಅಡಿಕೆಗೆ ಹೊದೆಸಿದ ಟರ್ಪಾಲಿನ ಮಡಿಕೆಯೂ ಹೌದು. ನಮ್ಮ ಸಿಮೆಟ್ರಿಯನ್ನೂ ಬಿಡುವ ಹಾಗಿಲ್ಲ. ಸಕಲ ಮೃತರ ದಿನ ಭಕ್ತಿಯಿಂದ ಇಟ್ಟ ಹೂಕುಂಡ, ಮೇಣದಬತ್ತಿಯ ಗ್ಲಾಸುಗಳಲ್ಲಿ ಮರುವಾರ ನೀರು ತುಂಬಿರುತ್ತದೆ. ವಾರಕ್ಕೊಮ್ಮೆ ಎಲ್ಲವನ್ನೂ ಮಗುಚಿ. ನೀರಿನ ಡ್ರಮ್ಮಿನ ಒಳಬದಿಯನ್ನು ಉಜ್ಜಿ ತೊಳೆಯಿರಿ. ಅಲ್ಲಿ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ.

ಒದ್ದೆ ತೋಟದಲ್ಲಿ ಕೆಲಸ ಮಾಡುವವರು ಕಾಲಿನ ಗಾಯ ಮುಚ್ಚಿ ಬೂಟು ಹಾಕಿಕೊಳ್ಳಿ. ಜ್ವರದೊಂದಿಗೆ ಮೀನಖಂಡದ ನೋವು, ಕೆಂಪು ಕಣ್ಣು ಇದ್ದರೆ ಇಲಿ ಜ್ವರವಿರಬಹುದು.

ಜ್ವರ ಬಿಟ್ಟ ಮೇಲೆ

ಮಂಗಳೂರಿನಲ್ಲಿ 1990ರ ಸುಮಾರಿನಿಂದ ಮಲೇರಿಯಾ ಮತ್ತೆ ತಲೆಯೆತ್ತಿತ್ತು. ಅಲ್ಲಿನ ಕಟ್ಟಡಗಳ ಕೆಲಸದ ಸ್ಥಳ, ಮೇಲಿನ ಟ್ಯಾಂಕಿಗಳಲ್ಲಿ ಅದರ ಸೊಳ್ಳೆ ಬೆಳೆಯುತ್ತದೆ. ಆದುದರಿಂದ ಪೇಟೆಯಿಂದ ಮನೆಗೆ ಬಂದ ಮಗನಿಗೋ ಮಗಳಿಗೋ ಜ್ವರವಿದ್ದರೆ ತಪ್ಪದೆ ರಕ್ತ ಪರೀಕ್ಷೆ ಮಾಡಿಸಿ. ‘ಎಲ್ಲಿಂದ ಬಂದೆ’ ಎಂಬುದನ್ನು ವೈದ್ಯರಿಗೆ ಹೇಳಿ.

ಡೆಂಗೆಯ ಶಂಕೆ ಇದ್ದಾಗ ಪ್ಯಾರಾಸಿಟಮಾಲ್ ಹೊರತು ಬೇರೆ ನೋವಿನ ಮಾತ್ರೆ, ಇಂಜೆಕ್ಷನ್ ಬೇಡ. ಆಸ್ಪಿರಿನ್, ಐಬುಪ್ರೊಫೆನ್‌ಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಗಂಜಿತಿಳಿ, ಎಳನೀರು, ಓಆರ್‌ಎಸ್ ಧಾರಾಳವಾಗಿ ಕೊಡಿ. ಪಪ್ಪಾಯಿ ಎಲೆಯ ರಸವನ್ನು ನಂಬಿ ಆಸ್ಪತ್ರೆಗೆ ಹೋಗಲು ತಡಮಾಡಬೇಡಿ.

ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ. ಇಳಿದ ಅನಂತರದ ಒಂದೆರಡು ದಿನಗಳೇ ಅತ್ಯಂತ ಅಪಾಯದವು. ತೀವ್ರ ಹೊಟ್ಟೆನೋವು, ಬಿಡದ ವಾಂತಿ, ವಸಡು–ಮೂಗಿನಲ್ಲಿ ರಕ್ತ, ಕಪ್ಪು ಮಲ, ತಣ್ಣನೆಯ ಕೈಕಾಲು, ಮಂಪರು, ಮೂತ್ರ ಕಡಿಮೆಯಾಗುವುದು – ಇವುಗಳಲ್ಲಿ ಒಂದು ಕಂಡರೂ ರಾತ್ರಿಯೇ ಆಗಲಿ, ಕೂಡಲೇ ಹೊರಡಿ.

ಆ ವಾರ ನಮ್ಮ ಬಾಂಧವರ ಅಂಗಳದ ಅಡಿಕೆಯನ್ನು ನೆರೆಮನೆಯವರು ದಿನವೂ ಎರಡು ಗಂಟೆಗೆ ಬಂದು ರಾಶಿ ಮಾಡಿ ಮುಚ್ಚಿದರು. ಅದರಿಂದಲೇ ಆ ತಂದೆ ಮಗನ ಪಕ್ಕದಲ್ಲಿ ಉಳಿಯಲು ಸಾಧ್ಯವಾಯಿತು. ಹತ್ತು ಕನ್ಯೆಯರ ಸಾಮತಿಯಲ್ಲಿ ಐವರು ಜಾಣೆಯರು ಎಣ್ಣೆಯನ್ನು ಮೊದಲೇ ಜತೆಗೆ ತಂದಿದ್ದರು. ನಮಗೂ ಬೆಳಗ್ಗಿನ ಬಿಸಿಲು ಇರುವುದು ಸಂಜೆಯ ಮಳೆಗೆ ಸಿದ್ಧರಾಗಲು.

ಮುಂದಿನ ಭಾನುವಾರ ಬಲಿಪೂಜೆಯ ಬಳಿಕ ಪ್ರತಿ ಮನೆಯಿಂದ ಒಬ್ಬರು ಅರ್ಧ ಗಂಟೆ ಸಿಮೆಟ್ರಿಗೆ ಬನ್ನಿ. ಗ್ಲಾಸು, ಕುಂಡಗಳನ್ನು ಮಗುಚೋಣ. ಮನೆಗೆ ಹೋದ ಮೇಲೆ ನಿಮ್ಮ ಹಟ್ಟಿಯ ಹಿಂದೆಯೂ ಒಮ್ಮೆ ನೋಡಿ. ಜ್ವರದವರಿರುವ ಮನೆ ನಿಮ್ಮ ವಾಳೆಯಲ್ಲಿದ್ದರೆ ಅವರ ಅಂಗಳದ ಕಡೆಗೂ ಕಣ್ಣಿರಲಿ.

ದೇವರು ನಿಮ್ಮ ಮನೆಯನ್ನೂ ಬೆಳೆಯನ್ನೂ ಕಾಪಾಡಲಿ.