ಭಾರತದ ಪೌರತ್ವ: ಕಡೆಯ 12 ತಿಂಗಳ ಲೆಕ್ಕ

ಪರದೇಶದಿಂದ ಸೊಸೆಯಾಗಿಯೋ ಅಳಿಯನಾಗಿಯೋ ಪುಣೆಯ ಕನ್ನಡ ಮನೆಗಳಿಗೆ ಬಂದು, ಬಾಣೇರ್, ಹಿಂಜವಡಿಗಳಲ್ಲಿ ಸಂಸಾರ ಹೂಡಿದವರು, ವಿವಾಹವಾದ ಮಾತ್ರಕ್ಕೆ ಪೌರತ್ವ ಬಂದಿತೆಂದೋ, ಕೈಯಲ್ಲಿರುವ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡೇ ಪೌರತ್ವವೆಂದೋ ನಂಬಿರುವುದನ್ನು ಮೇಲಿಂದ ಮೇಲೆ ಕಾಣುತ್ತಿರುವುದರಿಂದ ಈ ಲೇಖನ ಅವಶ್ಯವಾಯಿತು. 1955ರ ಪೌರತ್ವ ಕಾಯಿದೆಯು ಜನನ, ವಂಶ, ನೋಂದಣಿ, ದೇಶೀಕರಣ, ಪ್ರದೇಶವಿಲೀನ ಎಂಬ 5 ಮಾರ್ಗಗಳನ್ನು ಹೇಳುತ್ತದೆ. ಓಸಿಐ ಇವುಗಳಲ್ಲಿ ಯಾವುದೂ ಅಲ್ಲ, ಅದರಿಂದ ಮತದಾನದ ಹಕ್ಕೂ ಬಾರದು.

ಭಾರತೀಯರನ್ನು ವರಿಸಿದವರಿಗೆ ಒದಗುವುದು ನೋಂದಣಿಯ ಮಾರ್ಗ. ಅದಕ್ಕೆ 7 ವರ್ಷಗಳ ವಾಸ ಬೇಕು. ಎಡವುವುದು ಇಲ್ಲಿಯೇ. ಅರ್ಜಿಯ ದಿನಕ್ಕೆ ಹಿಂದಣ 12 ತಿಂಗಳು ಸಂಪೂರ್ಣವಾಗಿಯೂ, ಅದಕ್ಕೂ ಹಿಂದಿನ 8 ವರ್ಷಗಳಲ್ಲಿ ಒಟ್ಟು 6 ವರ್ಷವೂ ಈ ದೇಶದಲ್ಲಿಯೇ ಇದ್ದಿರಬೇಕೆಂಬುದು ನಿಯಮವಾಗಿರಲು, "ನಾವು ಬಂದು 10 ವರ್ಷವಾಯಿತಲ್ಲ" ಎಂಬ ಧೈರ್ಯದಿಂದ ಮೇ ತಿಂಗಳ ರಜೆಯಲ್ಲಿ ಮಕ್ಕಳೊಡನೆ ತವರಿಗೆ ಹೋಗಿ, 6 ವಾರ ಇದ್ದು ಬಂದು, ಜುಲೈಯಲ್ಲಿ ಅರ್ಜಿ ಹಾಕುವವರು ತಮ್ಮ ಲೆಕ್ಕವನ್ನು ತಾವೇ ಕೆಡಿಸಿಕೊಳ್ಳುತ್ತಾರೆ. ವಿಶೇಷ ಕಾರಣವಿದ್ದಲ್ಲಿ ಕೇಂದ್ರ ಸರಕಾರವು 30 ದಿನಗಳವರೆಗೆ ವಿನಾಯಿತಿ ಕೊಡಬಹುದು, ನಿಜ. ಆದರೆ ಅದು ಅನುಗ್ರಹವೇ ಹೊರತು ಹಕ್ಕಲ್ಲ, ಅದನ್ನು ನೆಚ್ಚಿ ವಿಮಾನದ ಟಿಕೆಟ್ಟು ತೆಗೆಸುವುದು ಅವಿವೇಕ. ಆದಕಾರಣ ಮೊದಲು ಹಳೆಯ, ಹೊಸ ಪಾಸ್‌ಪೋರ್ಟುಗಳನ್ನೆಲ್ಲ ಮೇಜಿನ ಮೇಲೆ ಬಿಡಿಸಿಟ್ಟು, ಪುಟದ ಮೂಲೆಯಲ್ಲಿ ಮಸಿ ಮಸುಕಾದ ಮುದ್ರೆಗಳನ್ನೂ ಬಿಡದೆ ಓದಿ, ಹೋದ ದಿನ, ಬಂದ ದಿನಗಳನ್ನು ಎದುರುಬದುರಾಗಿ ಬರೆದುಕೊಳ್ಳತಕ್ಕದ್ದು. ಓಸಿಐ ಪಡೆದು 5 ವರ್ಷವಾದವರಿಗೆ 7 ವರ್ಷಗಳ ಷರತ್ತಿಲ್ಲದಿದ್ದರೂ ಈ 12 ತಿಂಗಳು ತಪ್ಪಿದ್ದಲ್ಲ.

ತರುವಾಯ ಗೃಹ ಮಂತ್ರಾಲಯದ ಜಾಲತಾಣದಲ್ಲಿ ಅರ್ಜಿ ತುಂಬಿ, ಅದರ ಮುದ್ರಿತ ಪ್ರತಿಯನ್ನು ವಿವಾಹದ ದಾಖಲೆ, ವೀಸಾ, ವಾಸದ ಪರವಾನಗಿ, ಸಂಗಾತಿಯ ಪೌರತ್ವದ ಆಧಾರಗಳೊಡನೆ ಜಿಲ್ಲಾಧಿಕಾರಿಗಳ ಕಚೇರಿಗೆ ಒಪ್ಪಿಸಬೇಕು. ಎಲ್ಲ ಪತ್ರಗಳಲ್ಲಿಯೂ ಹೆಸರು ಅಕ್ಷರಶಃ ಒಂದೇ ಇರಲಿ. ವಿಚಾರಣೆಯಾದ ಮೇಲೆ ಕಡತವು ಮುಂಬಯಿಯ ರಾಜ್ಯ ಸರಕಾರದ ಮಾರ್ಗವಾಗಿ ದಿಲ್ಲಿಗೆ ಹೋಗುವುದು. ಅದಕ್ಕೆ ದೀರ್ಘಕಾಲ ಹಿಡಿಯುವುದರಿಂದ ವೀಸಾದ ಅವಧಿ ನಡುವೆ ಮುಗಿಯಗೊಡಬಾರದು.

ಅರ್ಜಿಯನ್ನು ಸರಕಾರವು ಒಪ್ಪಿತೆಂಬ ಸ್ವೀಕೃತಿಪತ್ರ ಕೈಸೇರುವ ಮುನ್ನ ಮೂಲದೇಶದ ಪೌರತ್ವವನ್ನು ಎಂದಿಗೂ ತ್ಯಜಿಸಕೂಡದು. ಅವಸರಪಟ್ಟರೆ ಯಾವ ದೇಶಕ್ಕೂ ಸೇರದವರಾಗುವ ಭಯವುಂಟು. ತ್ಯಾಗದ ದಾಖಲೆ, ನಿಷ್ಠೆಯ ಪ್ರಮಾಣವಚನಗಳಾದ ಬಳಿಕವೇ ನೋಂದಣಿಪತ್ರ.

ದೇಶೀಕರಣದವರಿಗೆ 12 ತಿಂಗಳ ಜೊತೆಗೆ ಅದರ ಹಿಂದಿನ 14 ವರ್ಷಗಳಲ್ಲಿ 11 ವರ್ಷ ವಾಸ, ಸಂವಿಧಾನದ 8ನೆಯ ಅನುಸೂಚಿಯ ಒಂದು ಭಾಷೆಯ ತಿಳಿವಳಿಕೆ ಬೇಕು. ಇಲ್ಲಿ ಮರಾಠಿಯೇ ಬೇಕೆಂಬುದು ಸುಳ್ಳು, ಕನ್ನಡವೂ ಸಲ್ಲುತ್ತದೆ. ಇನ್ನು ವಂಶದ ಮಾರ್ಗದಲ್ಲಿ, ಭಾರತೀಯರಿಗೆ ಹೊರದೇಶದಲ್ಲಿ ಹುಟ್ಟಿದ ಮಗುವನ್ನು 1 ವರ್ಷದೊಳಗೆ ಅಲ್ಲಿಯ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ಆ ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟಿಲ್ಲವೆಂದು ತಂದೆತಾಯಿಗಳು ಘೋಷಿಸಬೇಕಾಗುತ್ತದೆ.