ಆಯಸ್ಕಾಂತದ ಶಕ್ತಿ ತೀರಿಹೋಗುವುದಿಲ್ಲವೇ?

ಪ್ರಶ್ನೆ: ಜನರೇಟರಿನೊಳಗೆ ಆಯಸ್ಕಾಂತ ತಿರುಗಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಓದಿದ್ದೇನೆ. ವರ್ಷಗಟ್ಟಲೆ ಹೀಗೆ ವಿದ್ಯುತ್ ಕೊಡುತ್ತ ಹೋದರೆ ಆಯಸ್ಕಾಂತದ ಶಕ್ತಿ ತೀರಿಹೋಗುವುದಿಲ್ಲವೇ?

ಉತ್ತರ: ತೀರುವುದಿಲ್ಲ. ವಿದ್ಯುತ್ತಾಗಿ ಹೊರಬರುವುದು ಆಯಸ್ಕಾಂತವನ್ನು ತಿರುಗಿಸಲು ನಾವು ವ್ಯಯಿಸುವ ಶಕ್ತಿ.

1831ರಲ್ಲಿ ಮೈಕೆಲ್ ಫ್ಯಾರಡೆ ತಂತಿಸುರುಳಿಯೊಳಗೆ ಆಯಸ್ಕಾಂತವನ್ನು ತೂರಿಸಿದಾಗ ಗ್ಯಾಲ್ವನಾಮೀಟರಿನ ಮುಳ್ಳು ಒಂದು ಕಡೆಗೆ ವಾಲಿತು. ಹೊರಗೆಳೆದಾಗ ಎದುರು ದಿಕ್ಕಿಗೆ ವಾಲಿತು. ಒಳಗೇ ಸುಮ್ಮನೆ ಬಿಟ್ಟಾಗ ಅಲುಗಲಿಲ್ಲ. ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾಗುತ್ತಿರುವಷ್ಟು ಹೊತ್ತು ಮಾತ್ರ ಅದರಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಇದೇ ವಿದ್ಯುತ್ಕಾಂತೀಯ ಪ್ರೇರಣೆ.

ವಿದ್ಯುದಾಗಾರದ ಜನರೇಟರಿನಲ್ಲಿ ಸುರುಳಿಗಳು ಸುತ್ತಲೂ ಕದಲದೆ ಕೂತಿರುತ್ತವೆ, ಅದು ಸ್ಟೇಟರ್. ನಡುವೆ ತಿರುಗುವ ರೋಟರಿನಲ್ಲಿ ಉತ್ತರ, ದಕ್ಷಿಣ ಧ್ರುವಗಳು ಒಂದಾದ ಮೇಲೊಂದರಂತೆ ಇರುತ್ತವೆ. ಸುರುಳಿಯೆದುರು ಧ್ರುವ ಬದಲಾದಂತೆ ವೋಲ್ಟೇಜಿನ ದಿಕ್ಕೂ ಬದಲಾಗುತ್ತದೆ. ಪರ್ಯಾಯ ವಿದ್ಯುತ್, ಅಂದರೆ ಎ.ಸಿ., ಹುಟ್ಟುವುದು ಹೀಗೆ. ನಮ್ಮ ದೇಶದಲ್ಲಿ ಈ ಆವರ್ತನ ಸೆಕೆಂಡಿಗೆ 50 ಬಾರಿ. ರಾಯಚೂರು ಶಾಖೋತ್ಪನ್ನ ಕೇಂದ್ರದಲ್ಲಿ ಉಗಿ ತಿರುಗಿಸುವ ರೋಟರಿಗೆ ಒಂದೇ ಜೋಡಿ ಧ್ರುವ. ಅದು ನಿಮಿಷಕ್ಕೆ 3000 ಸುತ್ತು ತಿರುಗಬೇಕು. ನೀರಿನ ಟರ್ಬೈನು ಅಷ್ಟು ವೇಗವಾಗಿ ತಿರುಗುವುದಿಲ್ಲ, ಆದ್ದರಿಂದ ಧ್ರುವಗಳ ಸಂಖ್ಯೆ ಹೆಚ್ಚಿರುತ್ತದೆ. 20 ಧ್ರುವಗಳಿದ್ದರೆ ನಿಮಿಷಕ್ಕೆ 300 ಸುತ್ತು ಸಾಕು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ನಾವು ದೀಪ ಹಚ್ಚಿದೊಡನೆ ಸುರುಳಿಯಲ್ಲಿ ವಿದ್ಯುತ್ ಹರಿಯತೊಡಗುತ್ತದೆ. ಆ ಹರಿವು ತನ್ನದೇ ಕಾಂತಕ್ಷೇತ್ರವನ್ನು ಎಬ್ಬಿಸಿ ರೋಟರನ್ನು ಹಿಂದಕ್ಕೆ ಜಗ್ಗುತ್ತದೆ. ಈ ನಿಯಮವನ್ನು 1834ರಲ್ಲಿ ಹೇಳಿದವನು ಹೈನ್ರಿಕ್ ಲೆನ್ಸ್. ಬಳಕೆ ಹೆಚ್ಚಿದಷ್ಟೂ ಜಗ್ಗಾಟ ಹೆಚ್ಚು. ಶರಾವತಿ ವಿದ್ಯುದಾಗಾರದಂಥ ಕಡೆ ರೋಟರಿನ ವೇಗ ತಗ್ಗುವ ಸೂಚನೆ ಕಂಡೊಡನೆ ಗವರ್ನರ್ ಎಂಬ ನಿಯಂತ್ರಕ ಟರ್ಬೈನಿಗೆ ಇನ್ನಷ್ಟು ನೀರು ಬಿಡುತ್ತದೆ. ನಾವು ಬಳಸಿದ ಪ್ರತಿ ಯೂನಿಟ್ಟಿನ ಲೆಕ್ಕವನ್ನೂ ಎತ್ತರದಿಂದ ಬೀಳುವ ನೀರೇ ತೀರಿಸುತ್ತದೆ. ಆಯಸ್ಕಾಂತ ನಡುವಿನ ಮಧ್ಯಸ್ಥ ಮಾತ್ರ.

ಒಂದು ಮಾತು ಸೇರಿಸಬೇಕು. ಇಂಥ ದೊಡ್ಡ ಯಂತ್ರಗಳಲ್ಲಿ ಇರುವುದು ಸಾಮಾನ್ಯವಾಗಿ ವಿದ್ಯುತ್ಕಾಂತ. ಅದರ ಸುರುಳಿಗೆ ಸ್ವಲ್ಪ ನೇರ ವಿದ್ಯುತ್ ಕೊಡುತ್ತಲೇ ಇರಬೇಕು. ಅದು ತಂತಿಯಲ್ಲಿ ಬಿಸಿಯಾಗಿ ಹೋಗುತ್ತದೆ. ಕಾಯಂ ಆಯಸ್ಕಾಂತವಿರುವ ಚಿಕ್ಕ ಯಂತ್ರಗಳಲ್ಲಿ ಅತಿಯಾದ ಶಾಖ ಅಥವಾ ಬಲವಾದ ಪೆಟ್ಟು ಅದನ್ನು ದುರ್ಬಲಗೊಳಿಸಬಹುದು. ವಿದ್ಯುತ್ ಕೊಟ್ಟಿದ್ದರಿಂದಲೇ ಅದು ಬರಿದಾಗುವುದಿಲ್ಲ.

ಡೈನಮೊ ಇರುವ ಸೈಕಲ್ ಸಿಕ್ಕರೆ ನೀವೇ ಪರೀಕ್ಷಿಸಿ. ಡೈನಮೊ ಟೈರಿಗೆ ತಾಗಿಯೇ ಇರಲಿ. ಮೊದಲು ಬಲ್ಬಿನ ತಂತಿ ಕಳಚಿ ಪೆಡಲನ್ನು ಕೈಯಿಂದ ತಿರುಗಿಸಿ, ಆಮೇಲೆ ತಂತಿ ಸೇರಿಸಿ ಅದೇ ವೇಗದಲ್ಲಿ ತಿರುಗಿಸಿ. ಬಲ್ಬು ಉರಿಯುವಾಗ ಪೆಡಲ್ ಬಿಗಿಯಾಗುತ್ತದೆ. ಆ ಹೆಚ್ಚಿನ ಬಿಗಿಯೇ ಬೆಳಕಿಗೆ ನಿಮ್ಮ ತೋಳು ಕೊಡುತ್ತಿರುವ ಶಕ್ತಿ.