ತೂಕ ಇಳಿಯುವ ಮೊದಲೇ ಸಕ್ಕರೆ ಇಳಿದದ್ದು ಹೇಗೆ?

ಪ್ರಶ್ನೆ: ನನಗೆ 44 ವರ್ಷ. ಗ್ಯಾಸ್ಟ್ರಿಕ್ ಬೈಪಾಸ್ ಆಗಿ ಹತ್ತು ದಿನವಾಯಿತು. ತೂಕ ಅಷ್ಟೇನೂ ಇಳಿದಿಲ್ಲ, ಆದರೆ ಶುಗರ್ ಆಗಲೇ ತಗ್ಗಿದೆ. ಮಾತ್ರೆ ನಿಲ್ಲಿಸಬಹುದೇ ಡಾಕ್ಟರೇ?

ಉತ್ತರ: ಗಾಬರಿ ಬೇಡ, ಇದು ಒಳ್ಳೆಯ ಸೂಚನೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯನ್ನು ಪುಟ್ಟ ಚೀಲವಾಗಿಸಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಆಹಾರ ಬೇಗ ಕೆಳಗಿಳಿಯುವುದರಿಂದ, ಇನ್ಸುಲಿನ್‌ಗೆ ಚುರುಕು ಕೊಡುವ ಜಿಎಲ್‌ಪಿ-1 ಹಾರ್ಮೋನು ಹೆಚ್ಚು ಸ್ರವಿಸುತ್ತದೆ. ಊಟ ಕಡಿಮೆಯಾದ್ದರಿಂದ ಯಕೃತ್ತು ಬಿಡುಗಡೆ ಮಾಡುವ ಸಕ್ಕರೆಯೂ ತಗ್ಗುತ್ತದೆ.

ಬೈಪಾಸ್ ನಂತರ ಪಿತ್ತರಸದ ಹರಿವು, ಆಮ್ಲದ ಪ್ರಮಾಣ ಬದಲಾದಂತೆ ಕರುಳಿನ ಬ್ಯಾಕ್ಟೀರಿಯಾಗಳೂ ಬದಲಾಗುತ್ತವೆ. ಬೈಪಾಸ್ ಆದ ಇಲಿಗಳ ಬ್ಯಾಕ್ಟೀರಿಯಾವನ್ನು ಸೂಕ್ಷ್ಮಜೀವಿಗಳೇ ಇಲ್ಲದ ಇಲಿಗಳಿಗೆ ವರ್ಗಾಯಿಸಿದಾಗ ಅವುಗಳ ತೂಕವೂ ಇಳಿದದ್ದನ್ನು ಅಮೆರಿಕದ ವಿಜ್ಞಾನಿಗಳು 2013ರಲ್ಲಿ ವರದಿ ಮಾಡಿದರು. ಹಾಗೆಂದು ದುಬಾರಿ ಪ್ರೊಬಯಾಟಿಕ್ ಪುಡಿಗಳಿಗೆ ಹಣ ಸುರಿಯಬೇಡಿ.

ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಆದರೆ ಹಳೆಯ ಡೋಸ್ ಹಾಗೇ ಮುಂದುವರಿದರೆ ಶುಗರ್ ತೀರಾ ಕುಸಿಯಲೂಬಹುದು. ಹಾಗಾಗಿ ಇಂದೇ ನಿಮ್ಮ ವೈದ್ಯರಿಗೆ ರೀಡಿಂಗ್ ತೋರಿಸಿ. ಬೆವರು, ಕೈನಡುಕ ಕಂಡರೆ ತಕ್ಷಣ ಪರೀಕ್ಷಿಸಿಕೊಳ್ಳಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಪೂರಕಗಳು ಜೀವನಪೂರ್ತಿ ಬೇಕು. ಎಷ್ಟೇ ಆರಾಮವೆನಿಸಿದರೂ ಅವನ್ನು ತಪ್ಪಿಸಬೇಡಿ.